ತಲೆ ಕಡಿದ ಮೇಲೆ ಮೀನಿನ ಹೆಸರು

ಮಾರುಕಟ್ಟೆಗೆ ಬರುವ ಆಹಾರ ಪದಾರ್ಥಗಳ ಪೈಕಿ ಮೀನಿನಷ್ಟು ಜಾತಿಗಳಿರುವ ವಸ್ತು ಇನ್ನೊಂದು ಸಿಗುವುದು ಕಷ್ಟ. ಒಂದರ ಹೆಸರಿನಲ್ಲಿ ಮತ್ತೊಂದನ್ನು ದಾಟಿಸಿಬಿಡುವುದಕ್ಕೆ ಅಷ್ಟು ಅನುಕೂಲವಾದ ವಸ್ತುವೂ ಸಿಗಲಾರದು. ಕುರಿಯೋ ಮೇಕೆಯೋ ಎಂಬಷ್ಟಕ್ಕೆ ಅನುಮಾನ ಮುಗಿಯುವ ಮಾಂಸದಂಗಡಿಯಂತಲ್ಲದೆ, ಮಂಗಳೂರಿನ ಧಕ್ಕೆಯಲ್ಲೋ ಮಲ್ಪೆಯ ಬಂದರಿನಲ್ಲೋ ಒಂದೇ ಬೆಳಗ್ಗೆ ಹತ್ತಾರು ಜಾತಿಗಳು ಏಲಂ ಆಗುತ್ತವೆ. ಅವು ಐಸ್ ಪೆಟ್ಟಿಗೆ ಸೇರಿ, ಘಟ್ಟ ಹತ್ತಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಅಂಗಡಿ ಮತ್ತು ಹೋಟೆಲುಗಳನ್ನು ತಲಪುವ ಹೊತ್ತಿಗೆ ಕೆಲವಕ್ಕೆ ತಲೆ ಇರುವುದಿಲ್ಲ, ಕೆಲವಕ್ಕೆ ಚರ್ಮವಿರುವುದಿಲ್ಲ, ಇನ್ನು ಕೆಲವು ಮಸಾಲೆ ಮೆತ್ತಿಸಿಕೊಂಡು ಬ್ರೆಡ್ ಪುಡಿಯೊಳಗೆ ಅಡಗಿರುತ್ತವೆ. ಆ ಹಂತದಲ್ಲಿ ಮೀನಿಗೆ ಉಳಿಯುವ ಗುರುತೆಂದರೆ ಮಾರುವವರು ಹೇಳುವ ಹೆಸರೊಂದೇ.

ಆ ಹೆಸರು ಸುಳ್ಳಾದಾಗ ಅದಕ್ಕೆ ಕಾನೂನಿನಲ್ಲಿ ಸ್ಪಷ್ಟವಾದ ಸ್ಥಾನವಿದೆ. ಬೇರೊಂದು ಆಹಾರ ಪದಾರ್ಥಕ್ಕೆ ಸೇರಿದ ಹೆಸರಿನಲ್ಲಿ ಮಾರಲಾದ ವಸ್ತುವನ್ನು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ‘ಮಿಸ್‌ಬ್ರ್ಯಾಂಡೆಡ್’ ಆಹಾರ, ಅಂದರೆ ತಪ್ಪು ಹೆಸರು ಹೊತ್ತ ಆಹಾರ ಎಂದು ಪರಿಗಣಿಸುತ್ತದೆ. ಅದರ 52ನೆಯ ಸೆಕ್ಷನ್ ಇದಕ್ಕೆ 3 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಆದರೆ ಹೆಸರಿನ ಗೊಂದಲವೆಲ್ಲ ಮೋಸವಲ್ಲ. ದಕ್ಷಿಣ ಕನ್ನಡದ ಬೂತಾಯಿ ಉತ್ತರ ಕನ್ನಡದಲ್ಲಿ ತಾರ್ಲೆಯಾಗುತ್ತದೆ, ಅಂಜಲ್ ಅಲ್ಲಿ ಇಸೋಣವಾಗುತ್ತದೆ; ಕಾಣೆ ಮೀನನ್ನು ಕರಾವಳಿಯ ಹೋಟೆಲುಗಳು ‘ಲೇಡಿಫಿಶ್’ ಎಂದು ಬರೆಯುತ್ತವೆ, ಜಗತ್ತಿನ ಬೇರೆಡೆ ಅದೇ ಹೆಸರು ಕಾಣೆಗೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಮೀನಿಗೆ ಸಲ್ಲುತ್ತದೆ. ಇವು ಊರಿನಿಂದ ಊರಿಗೆ ಬದಲಾಗುವ ರೂಢಿಗಳು. ಇದರಿಂದ ಯಾರ ಜೇಬಿಗೂ ಕತ್ತರಿ ಬೀಳುವುದಿಲ್ಲ. ಅಗ್ಗದ ಮೀನು ದುಬಾರಿ ಮೀನಿನ ಹೆಸರನ್ನು ಹೊತ್ತು ದುಬಾರಿ ಬೆಲೆಯನ್ನೇ ಪಡೆದಾಗ, ಸಾಕಿದ ಮೀನು ಕಡಲಿನದೆಂದು ಮಾರಾಟವಾದಾಗ, ನಿಷೇಧಿತ ಜಾತಿ ಅನುಮತಿಯುಳ್ಳ ಜಾತಿಯ ವೇಷ ತೊಟ್ಟಾಗ ಅದು ವಂಚನೆಯಾಗುತ್ತದೆ.

ಈ ವಂಚನೆ ಎಷ್ಟು ವ್ಯಾಪಕ ಎಂಬ ಪ್ರಶ್ನೆಗೆ ಉತ್ತರವಾಗಿ ಹೆಚ್ಚಾಗಿ ಉಲ್ಲೇಖವಾಗುವುದು ಅಮೆರಿಕದ ಓಷಿಯಾನಾ ಎಂಬ ಸಾಗರ ಸಂರಕ್ಷಣಾ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿ. 2010ರಿಂದ 2012ರವರೆಗೆ 21 ರಾಜ್ಯಗಳ 674 ಅಂಗಡಿ ಹಾಗೂ ಹೋಟೆಲುಗಳಿಂದ ಸಂಗ್ರಹಿಸಿದ 1,215 ಮಾದರಿಗಳನ್ನು ಡಿಎನ್ಎ ಪರೀಕ್ಷೆಗೆ ಒಳಪಡಿಸಿದಾಗ ಮೂರನೆಯ ಒಂದು ಭಾಗದ ಹೆಸರು ತಪ್ಪಾಗಿತ್ತು. ‘ರೆಡ್ ಸ್ನ್ಯಾಪರ್’ ಎಂದು ಕೊಂಡ 120 ಮಾದರಿಗಳಲ್ಲಿ ನಿಜವಾದ ರೆಡ್ ಸ್ನ್ಯಾಪರ್ ಇದ್ದದ್ದು 7 ಮಾತ್ರ. ಈ ಅಂಕಿಗಳನ್ನು ಹಾಗೆಯೇ ಇಡೀ ವ್ಯಾಪಾರಕ್ಕೆ ಅನ್ವಯಿಸುವುದು ಸರಿಯಲ್ಲ. ಅನುಮಾನ ಹೆಚ್ಚಿದ್ದ ಜಾತಿಗಳನ್ನೇ ಆಯ್ದು ಪರೀಕ್ಷಿಸಿದಾಗ ತಪ್ಪಿನ ಪ್ರಮಾಣ ಸಹಜವಾಗಿಯೇ ಏರುತ್ತದೆ. ಭಾರತದ ಮಾರುಕಟ್ಟೆಯ ಮಾದರಿಗಳನ್ನು ಇದೇ ವಿಧಾನದಿಂದ ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಐದರಲ್ಲೊಂದು ಮಾದರಿಯ ಹೆಸರು ತಪ್ಪಾಗಿತ್ತು. ಪ್ರಮಾಣ ಎಷ್ಟೇ ಇರಲಿ, ಹಲವು ಅಧ್ಯಯನಗಳಲ್ಲಿ ಪದೇ ಪದೇ ಕಾಣುವ ಒಂದು ಸಂಗತಿಯಿದೆ: ಬದಲಿ ಮೀನು ಸಾಮಾನ್ಯವಾಗಿ ಹೆಸರಿನ ಮೀನಿಗಿಂತ ಅಗ್ಗದ್ದಾಗಿರುತ್ತದೆ. ಅಜಾಗರೂಕತೆಯಿಂದಲೇ ಹೆಸರು ತಪ್ಪುವುದಾಗಿದ್ದರೆ ಅಷ್ಟೇ ಸಲ ಗಿರಾಕಿಗೂ ಲಾಭವಾಗಬೇಕಿತ್ತು.

ತಪ್ಪು ಹೆಸರು ಸರಪಳಿಯ ಯಾವ ಕೊಂಡಿಯಲ್ಲಾದರೂ ಸೇರಿಕೊಳ್ಳಬಹುದು. ಅಮೆರಿಕದ ನ್ಯೂ ಬೆಡ್‌ಫರ್ಡ್ ಬಂದರಿನಲ್ಲಿ ‘ಕಾಡ್‌ಫಾದರ್’ ಎಂದೇ ಖ್ಯಾತನಾಗಿದ್ದ ಕಾರ್ಲೋಸ್ ರಫಾಯೆಲ್ ಎಂಬ ದೋಣಿ ಮಾಲೀಕನ ಪ್ರಕರಣದಲ್ಲಿ ಅದು ದೋಣಿಯಿಂದಲೇ ಶುರುವಾಗಿತ್ತು: ಕಾಡ್ ಮೊದಲಾದ ಮೀನುಗಳನ್ನು ಹಿಡಿಯಲು ಸರಕಾರ ಕಟ್ಟುನಿಟ್ಟಿನ ಮಿತಿ ಹಾಕಿದ್ದರಿಂದ, ಮಿತಿ ಧಾರಾಳವಾಗಿದ್ದ ಹ್ಯಾಡಕ್ ಮೊದಲಾದ ಮೀನುಗಳ ಹೆಸರಿನಲ್ಲಿ ಆತ ಸುಮಾರು 7.8 ಲಕ್ಷ ಪೌಂಡ್ ಮೀನನ್ನು ದಾಖಲೆಗೆ ಸೇರಿಸಿದ್ದ. 2016ರಲ್ಲಿ ಬಂಧಿತನಾದ ಆತನಿಗೆ 2017ರಲ್ಲಿ 46 ತಿಂಗಳ ಸೆರೆವಾಸವಾಯಿತು. ಮಿಸಿಸಿಪಿ ರಾಜ್ಯದ ಬಿಲೋಕ್ಸಿ ಪಟ್ಟಣದ ಹೆಸರಾಂತ ಹೋಟೆಲೊಂದು 2024ರಲ್ಲಿ ತಪ್ಪೊಪ್ಪಿಕೊಂಡ ಪ್ರಕರಣದಲ್ಲಿ ಕೈಚಳಕ ನಡೆದದ್ದು ಸರಪಳಿಯ ಇನ್ನೊಂದು ತುದಿಯಲ್ಲಿ. ಮೆಕ್ಸಿಕೊ ಕೊಲ್ಲಿಯ ತಾಜಾ ಮೀನೆಂದು ಅದರ ಮೆನು ಹೇಳುತ್ತಿದ್ದದ್ದು ಹೊರದೇಶಗಳಿಂದ ತರಿಸಿದ ಹೆಪ್ಪುಗಟ್ಟಿಸಿದ ಮೀನಾಗಿತ್ತು, ಆ ಹೊರದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು.

ಕರ್ನಾಟಕದ ಗಿರಾಕಿಗೆ ಹೆಚ್ಚಾಗಿ ಎದುರಾಗುವ ಬದಲಿಗಳು ಐದಾರೇ. ಅವುಗಳ ಮೈಗುರುತು ತಿಳಿದವರನ್ನು ಏಮಾರಿಸುವುದು ಸುಲಭವಲ್ಲ. ಮೊದಲನೆಯದು ಅಂಜಲ್. ತವಾ ಫ್ರೈಗೆ ಹೇಳಿ ಮಾಡಿಸಿದಂಥ ಗಟ್ಟಿ ಮಾಂಸ, ನಡುವೆ ಒಂದೇ ದಪ್ಪ ಮುಳ್ಳು, ಚರ್ಮ ಸುಲಿಯುವ ತಾಪತ್ರಯವಿಲ್ಲ. ಈ ಗುಣಗಳಿಂದಾಗಿ ಇದರ ಬೆಲೆ ಸದಾ ಏರುಗತಿಯಲ್ಲಿರುತ್ತದೆ, ಮತ್ತು ಅದು ಬಿಕರಿಯಾಗುವುದು ಹೆಚ್ಚಾಗಿ ತುಂಡುಗಳಾಗಿಯೇ. ಅಂಜಲ್ ಎಂಬ ಒಂದು ಹೆಸರಿನಡಿ ಸ್ಕಾಂಬರೊಮೊರಸ್ ಕುಲದ ಒಂದಕ್ಕಿಂತ ಹೆಚ್ಚು ಜಾತಿಗಳು ಸೇರುತ್ತವೆ. ಪಕ್ಕೆಯ ಮೇಲೆ ಅಲೆಯಲೆಯಾದ ಅಡ್ಡಪಟ್ಟೆಗಳಿದ್ದು ಬಹಳ ದೊಡ್ಡದಾಗಿ ಬೆಳೆಯುವುದು ಒಂದಾದರೆ, ಪಟ್ಟೆಯ ಬದಲು ಸಾಲುಸಾಲಾಗಿ ದುಂಡು ಚುಕ್ಕೆಗಳಿರುವ ಚಿಕ್ಕ ಗಾತ್ರದ್ದು ಇನ್ನೊಂದು. ಇವುಗಳೊಳಗಿನ ವ್ಯತ್ಯಾಸ ರುಚಿಗೆ ಮತ್ತು ದರಕ್ಕೆ ಸಂಬಂಧಿಸಿದ್ದೇ ಹೊರತು ವಂಚನೆಯಲ್ಲ. ಅಂಜಲ್ ತುಂಡಿನ ರಾಶಿಯೊಳಗೆ ಬರಾಕುಡಾ ಅಥವಾ ಕೋಬಿಯಾ ಮೀನಿನ ತುಂಡುಗಳು ಸೇರಿಕೊಂಡಾಗ ಮಾತ್ರ ಗಿರಾಕಿ ಎಚ್ಚರಗೊಳ್ಳಬೇಕಾಗುತ್ತದೆ.

ಅಂಜಲಿನ ಹುರುಪೆಗಳು ಕಣ್ಣಿಗೆ ಬೀಳದಷ್ಟು ಸಣ್ಣವಾದ್ದರಿಂದ ತುಂಡಿನ ಅಂಚಿನ ಚರ್ಮದ ಮೇಲೆ ಬೆರಳಾಡಿಸಿದರೆ ನುಣ್ಣಗೆ ಜಾರುತ್ತದೆ. ಬರಾಕುಡಾದ ಹುರುಪೆ ದೊಡ್ಡದಾದ್ದರಿಂದ ಅದನ್ನು ಕೆರೆದು ತೆಗೆದ ಮೇಲೂ ಚರ್ಮದ ಮೇಲೆ ಬಲೆಯ ಕಣ್ಣಿನಂಥ ಗುರುತುಗಳು ಉಳಿಯುತ್ತವೆ. ಕೋಬಿಯಾದ ಬೆನ್ನು ಕಡುಕಂದು, ಚರ್ಮ ದಪ್ಪ. ಅಂಜಲಿನ ಬೆಳ್ಳಿಯ ಹೊಳಪು ಅದಕ್ಕಿಲ್ಲ. ಇವೆಲ್ಲಕ್ಕಿಂತ ನಂಬಲರ್ಹವಾದ ಗುರುತು ಬಾಲದ ಕಡೆಯ ತುಂಡಿನಲ್ಲಿರುತ್ತದೆ. ಅಂಜಲಿನ ಎರಡನೆಯ ಬೆನ್ನುರೆಕ್ಕೆಯ ಹಿಂದೆ ಬಾಲದವರೆಗೆ, ಹಾಗೆಯೇ ಹೊಟ್ಟೆಯ ಕಡೆಗೂ, ಎಂಟು ಹತ್ತು ಪುಟ್ಟ ರೆಕ್ಕೆಗಳು ಒಂದರ ಹಿಂದೊಂದು ಸಾಲಾಗಿ ನಿಂತಿರುತ್ತವೆ. ಬರಾಕುಡಾಕ್ಕಾಗಲಿ ಕೋಬಿಯಾಕ್ಕಾಗಲಿ ಇಂಥ ಸಾಲು ಇಲ್ಲವೇ ಇಲ್ಲ. ಬಾಲದ ತುಂಡನ್ನು ಬೇಡವೆಂದು ಪಕ್ಕಕ್ಕೆ ಸರಿಸುವ ಗಿರಾಕಿ ತನ್ನ ಕೈಯಲ್ಲಿದ್ದ ಪುರಾವೆಯನ್ನೇ ಬಿಟ್ಟುಕೊಡುತ್ತಾನೆ ಎನ್ನಬೇಕು. ಕೋಬಿಯಾ ಸ್ವತಃ ಒಳ್ಳೆಯ ಮೀನು, ಅದನ್ನು ಅದರ ಹೆಸರಿನಲ್ಲೇ ಮಾರಿದರೆ ಯಾರ ತಕರಾರೂ ಇರಬೇಕಿಲ್ಲ.

ಎರಡನೆಯದು ಪಾಂಫ್ರೆಟ್, ಕರಾವಳಿಯ ಮಾಂಜಿ. ಬಯಲುಸೀಮೆಯ ಪೇಟೆಗಳಲ್ಲಿ ‘ರೂಪ್‌ಚಂದ್’ ಎಂಬ ಹೆಸರಿನಲ್ಲಿ ಧಾರಾಳವಾಗಿ ಸಿಗುವ ಮೀನನ್ನು ಕೆಲವು ಕಡೆ ಪಾಂಫ್ರೆಟ್ ಎಂದೇ ಮಾರಲಾಗುತ್ತದೆ, ಇಲ್ಲವೇ ‘ಕೆರೆ ಪಾಂಫ್ರೆಟ್’ ಎಂಬ ನಡುವಿನ ಹೆಸರೊಂದನ್ನು ಕೊಟ್ಟು ದಾಟಿಸಲಾಗುತ್ತದೆ. ಅದು ದಕ್ಷಿಣ ಅಮೆರಿಕದ ನದಿಗಳಿಗೆ ಸೇರಿದ ಪಾಕು ಎಂಬ ಮೀನು. ಪಿರಾನಾಗಳ ಬಳಗಕ್ಕೆ ಸೇರಿದ್ದು. 2000ದ ದಶಕದ ಆರಂಭದಲ್ಲಿ ಬಾಂಗ್ಲಾದೇಶದ ಮೂಲಕ ಭಾರತಕ್ಕೆ ಬಂದು ಕೆರೆ, ಹೊಂಡಗಳಲ್ಲಿ ಸಾಕಲ್ಪಡುತ್ತಿರುವ ಈ ಮೀನಿಗೂ ಕಡಲಿನ ಮಾಂಜಿಗೂ ಚಪ್ಪಟೆ ದುಂಡು ಆಕಾರವೊಂದನ್ನು ಬಿಟ್ಟರೆ ಯಾವ ನೆಂಟಸ್ತಿಕೆಯೂ ಇಲ್ಲ. ಇಡೀ ಮೀನು ಎದುರಿಗಿದ್ದರೆ ಇವೆರಡನ್ನು ಬೇರ್ಪಡಿಸಲು ಅರ್ಧ ನಿಮಿಷ ಸಾಕು. ಪಾಕುವಿನ ಬೆನ್ನುರೆಕ್ಕೆಗೂ ಬಾಲಕ್ಕೂ ನಡುವೆ ಮುಳ್ಳಿಲ್ಲದ ಮೆತ್ತನೆಯ ತೊಗಲಿನ ಪುಟ್ಟ ರೆಕ್ಕೆಯೊಂದಿರುತ್ತದೆ, ಮಾಂಜಿಗೆ ಅದಿಲ್ಲ. ಪಾಕುವಿನ ಹೊಟ್ಟೆಯಡಿ ಜೋಡಿ ರೆಕ್ಕೆಗಳಿರುತ್ತವೆ, ಬೆಳೆದ ಮಾಂಜಿಗೆ ಅವೂ ಇಲ್ಲ. ಮಾಂಜಿಯ ಬಾಯಿ ಪುಟ್ಟದು, ಹಲ್ಲುಗಳು ಲೆಕ್ಕಕ್ಕೇ ಬಾರದವು. ಪಾಕುವಿನ ತುಟಿ ಸರಿಸಿದರೆ ಮನುಷ್ಯನ ದವಡೆಹಲ್ಲನ್ನು ಹೋಲುವ ಗಟ್ಟಿ ಹಲ್ಲುಗಳು ಕಾಣುತ್ತವೆ. ತಟ್ಟೆಗೆ ಬಂದ ಮೇಲೆ ತಿಳಿಯಬೇಕಾದವರಿಗೆ ಮುಳ್ಳೇ ಸಾಕ್ಷಿ: ಪಾಕುವಿನ ಮಾಂಸದೊಳಗೆ ಕವಲೊಡೆದ ಸಣ್ಣ ಮುಳ್ಳುಗಳು ಅಲ್ಲಲ್ಲಿ ಹುದುಗಿರುತ್ತವೆ, ಮಾಂಜಿಯ ಮಾಂಸ ನಡುಮುಳ್ಳಿನಿಂದ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಕಪ್ಪು ಮಾಂಜಿಯ ವಿಚಾರ ಬೇರೆ. ಶಾಸ್ತ್ರದ ದೃಷ್ಟಿಯಿಂದ ಅದು ಬಿಳಿ ಮಾಂಜಿಯ ಕುಟುಂಬಕ್ಕೆ ಸೇರದೆ ಟ್ರೆವಲಿ ಮೀನುಗಳ ಕುಟುಂಬಕ್ಕೆ ಸೇರಿದ್ದರೂ, ಕರಾವಳಿಯಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಹೆಸರದು. ಬಿಳಿಯದರ ಬೆಲೆ ಹೇಳಿ ಕಪ್ಪನ್ನು ಕಟ್ಟಿಕೊಟ್ಟರೆ ಮಾತ್ರ ತಕರಾರಿಗೆ ಕಾರಣವಿದೆ.

ಬಂಗುಡೆಯ ಹೆಸರಿನಲ್ಲಿ, ವಿಶೇಷವಾಗಿ ಹೆಪ್ಪುಗಟ್ಟಿಸಿದ ಪೆಟ್ಟಿಗೆಗಳಲ್ಲಿ, ಸ್ಕ್ಯಾಡ್ ಎಂಬ ಗುಂಪಿನ ಮೀನುಗಳು ಬರುವುದುಂಟು. ಬಾಲದ ಬುಡದ ಪಕ್ಕೆಯನ್ನು ಹಿಂದಿನಿಂದ ಮುಂದಕ್ಕೆ ಸವರಿದಾಗ ಗರಗಸದಂತೆ ಕೈಗೆ ತಾಗುವ ಗಟ್ಟಿ ಹುರುಪೆಗಳ ಸಾಲಿದ್ದರೆ ಅದು ಸ್ಕ್ಯಾಡ್. ಬಂಗುಡೆಯಲ್ಲಿ ಆ ಸಾಲಿನ ಬದಲು ಬೆನ್ನು ಮತ್ತು ಹೊಟ್ಟೆಯ ಕಡೆ ಐದೈದು ಪುಟ್ಟ ರೆಕ್ಕೆಗಳಿರುತ್ತವೆ. ಸಿಗಡಿಯ ವಿಷಯದಲ್ಲಿ ಗುರುತು ಇಷ್ಟು ಸುಲಭವಲ್ಲ. 2009ರಿಂದ ಭಾರತದಲ್ಲಿ ವಾಣಿಜ್ಯ ಕೃಷಿಗೆ ಒಳಗಾದ ವನ್ನಾಮಿ ಎಂಬ ಶಾಂತಸಾಗರದ ಸಿಗಡಿ ಇಂದು ಅಂಗಡಿಗಳನ್ನು ತುಂಬಿದೆ. ತಲೆ, ಸಿಪ್ಪೆಗಳನ್ನು ತೆಗೆದ ಬಳಿಕ ಅದನ್ನು ಕಡಲಿನ ಬಿಳಿ ಸಿಗಡಿಯಿಂದ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ.

ಬೆಂಗಳೂರಿನಂಥ ನಗರಗಳಲ್ಲಿ ಅತಿ ಹೆಚ್ಚು ವೇಷ ಹಾಕುವ ಮೀನೆಂದರೆ ‘ಬಾಸಾ’. ವಿಯೆಟ್ನಾಮಿನ ಮೆಕಾಂಗ್ ನದಿಯ ಮೀನೊಂದಕ್ಕೆ ಸೇರಿದ ಈ ಹೆಸರಿನಲ್ಲಿ ವ್ಯಾಪಾರವಾಗುವುದು ಅದೇ ನದಿಯ ಇನ್ನೊಂದು ಜಾತಿ, ಪಂಗಾಸಿಯಸ್. ಅಂದರೆ ಬಾಸಾ ಎಂಬ ಹೆಸರೇ ಮೂಲದಲ್ಲಿ ಎರವಲು. 1990ರ ದಶಕದಲ್ಲಿ ಬಾಂಗ್ಲಾದೇಶದ ಹಾದಿಯಲ್ಲೇ ಭಾರತಕ್ಕೆ ಬಂದ ಪಂಗಾಸಿಯಸ್ ಆಂಧ್ರಪ್ರದೇಶದ ಹೊಂಡಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತದೆ. ಮುಳ್ಳಿಲ್ಲ, ಮೀನುವಾಸನೆಯಿಲ್ಲ, ಮಾಂಸ ಬೆಳ್ಳಗೆ, ಬೆಲೆ ಅಗ್ಗ; ಆದ್ದರಿಂದ ಫಿಶ್ ಫಿಂಗರ್, ಫಿಶ್ ಟಿಕ್ಕಾ, ಫಿಶ್ ಕಟ್ಲೆಟ್ ಎಂಬ, ಜಾತಿಯ ಹೆಸರನ್ನೇ ಹೇಳದ ತಿನಿಸುಗಳಿಗೆಲ್ಲ ಅದೇ ಒದಗಿಬರುತ್ತದೆ. ಇದರಲ್ಲಿ ಮೋಸವಿಲ್ಲ. ಅದನ್ನೇ ಸೋಲ್, ಗ್ರೂಪರ್, ಸೀ ಬಾಸ್ ಎಂದು ಕರೆದು ಬಡಿಸಿದಾಗ ಮೋಸ. ಕಚ್ಚಾ ಬಾಸಾ ಫಿಲೆ, ಅಂದರೆ ಮುಳ್ಳು ಬಿಡಿಸಿದ ಪಕ್ಕೆಯ ಮಾಂಸದ ಹಾಳೆ, ಒಂದು ಕಡೆ ಅಗಲವಾಗಿ ಮತ್ತೊಂದು ಕಡೆ ಕಿರಿದಾಗಿ ನೀಳ ತ್ರಿಕೋನದಂತಿದ್ದು, ಬೆಂದ ಮೇಲೆ ಪದರಪದರವಾಗಿ ಬಿಡಿಸಿಕೊಳ್ಳುವ ಬದಲು ಮೆತ್ತಗೆ ಒಡೆಯುತ್ತದೆ. ಕರಾವಳಿಯ ನಂಗು ಮೀನನ್ನು ಸೋಲ್ ಎಂದು ಬಲ್ಲವರಿಗೆ ಒಂದು ಲೆಕ್ಕ ಸಾಕು: ನಂಗುವಿನಂಥ ತೆಳು ಮೀನಿನಿಂದ ಹೆಬ್ಬೆರಳು ದಪ್ಪದ ಫಿಲೆ ಬರುವುದು ಸಾಧ್ಯವೇ ಇಲ್ಲ.

ಒಳನಾಡಿನ ಮೀನುಗಳಲ್ಲಿ ಗಂಭೀರವಾದ ಬದಲಿ ಮುರುಗೋಡಿನದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಾಣಿಕೆಯನ್ನು ಕೇಂದ್ರ ಸರಕಾರ 2000ದಲ್ಲಿಯೇ ನಿಷೇಧಿಸಿದ್ದು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಅದನ್ನು ಹುಡುಕಿ ನಾಶಪಡಿಸುವಂತೆ ಸೂಚಿಸಿದ್ದರೂ, ಕೋಳಿ ಮತ್ತು ಕಸಾಯಿಖಾನೆಗಳ ತ್ಯಾಜ್ಯ ತಿಂದು ಬೇಗನೆ ಕೊಬ್ಬುವ ಆ ಮೀನನ್ನು ಗುಟ್ಟಾಗಿ ಸಾಕುವ ಹೊಂಡಗಳು ರಾಜ್ಯದಲ್ಲಿ ಆಗಾಗ ಪತ್ತೆಯಾಗುತ್ತಲೇ ಇವೆ. ಅದು ಮಾರಾಟವಾಗುವುದು ನಾಡ ಮುರುಗೋಡಿನ ಹೆಸರಿನಲ್ಲಿ. ನಾಡ ಮುರುಗೋಡು ಪೇಟೆಯಲ್ಲಿ ಅರ್ಧ ಕಿಲೋ ದಾಟುವುದು ಅಪರೂಪ. ಒಂದೊಂದೇ ಕಿಲೋಗಟ್ಟಲೆ ತೂಗುವ, ಮೈಮೇಲೆ ಮಸುಕು ಮಚ್ಚೆಗಳಿರುವ ಮೀನು ಕಂಡರೆ ಅನುಮಾನ ಪಡುವುದಕ್ಕೆ ಸಾಕಷ್ಟು ಕಾರಣವಿದೆ.

ಹೆಸರಿನ ಬೆಡಗಿಗೆ ಮರುಳಾಗುವ ಗಿರಾಕಿಗೆ ಇನ್ನೆರಡು ಮಾತು. ‘ಇಂಡಿಯನ್ ಸಾಲ್ಮನ್’ ಎಂಬುದು ಸಾಲ್ಮನ್ ಅಲ್ಲ, ಅದು ನಮ್ಮ ರಾವಸ್. ರುಚಿಯಲ್ಲಿ ಯಾವುದಕ್ಕೂ ಕಡಿಮೆಯಲ್ಲದ ರಾವಸಿಗೆ ಪರದೇಶದ ಹೆಸರಿನ ಹಂಗು ಏಕೆ ಬೇಕೋ ತಿಳಿಯದು. ಚೀನಾದ ಮೀನು ವ್ಯಾಪಾರಿಗಳ ಒಕ್ಕೂಟವಂತೂ 2018ರಲ್ಲಿ ರೇನ್‌ಬೋ ಟ್ರೌಟ್ ಎಂಬ ಸಿಹಿನೀರಿನ ಮೀನನ್ನು ಸಾಲ್ಮನ್ ಎಂದು ಮಾರಬಹುದೆಂದು ತಾನೇ ನಿಯಮ ಮಾಡಿಕೊಂಡಿತು. ‘ಕ್ರ್ಯಾಬ್ ಸ್ಟಿಕ್’ ಹೆಸರಿನ ಕೆಂಪು ಅಂಚಿನ ಕಡ್ಡಿಗಳಲ್ಲಿ ಸಾಮಾನ್ಯವಾಗಿ ಏಡಿಯ ಮಾಂಸವಿರುವುದಿಲ್ಲ. ಅದು ಸುರಿಮಿ, ಅಂದರೆ ಬಿಳಿ ಮೀನಿನ ಮಾಂಸವನ್ನು ತೊಳೆದು ಅರೆದು ಮಾಡಿದ ಹಿಟ್ಟು. ಪಶ್ಚಿಮ ಕರಾವಳಿಯ ಕಾರ್ಖಾನೆಗಳಿಂದ ಪರದೇಶಕ್ಕೆ ರವಾನೆಯಾಗುವ ಸುರಿಮಿಯಲ್ಲಿ ಬಹುಪಾಲು ರಾಣಿ ಮೀನಿನದು.

ಹೆಸರು ತಪ್ಪಿದರೆ ಹೋಗುವುದು ಹಣ ಮಾತ್ರವಲ್ಲ ಎಂಬುದನ್ನು ಕೆಲವು ಘಟನೆಗಳು ತೋರಿಸಿವೆ. ಅಮೆರಿಕದ ಸುಶಿ ಹೋಟೆಲುಗಳಲ್ಲಿ ‘ವೈಟ್ ಟ್ಯೂನಾ’ ಎಂದು ಬಡಿಸುವುದು ಹಲವು ಬಾರಿ ಎಸ್ಕೊಲಾರ್ ಎಂಬ ಮೀನಾಗಿರುತ್ತದೆ; ಓಷಿಯಾನಾ ಪರೀಕ್ಷಿಸಿದ ಇಂಥ ಮಾದರಿಗಳಲ್ಲಿ ಶೇ 84 ಅದೇ ಆಗಿತ್ತು. ಮನುಷ್ಯನ ಕರುಳಿಗೆ ಜೀರ್ಣಿಸಿಕೊಳ್ಳಲಾಗದ ಮೇಣದಂಥ ಕೊಬ್ಬು ಅದರ ಮಾಂಸದಲ್ಲಿ ತುಂಬಿರುವುದರಿಂದ, ಹೆಚ್ಚು ತಿಂದವರಿಗೆ ಎಣ್ಣೆಯಂತೆ ಸೋರುವ ಭೇದಿ ಹತ್ತಿಕೊಳ್ಳುತ್ತದೆ. ಜಪಾನ್ 1977ರಲ್ಲೇ ಅದರ ಮಾರಾಟವನ್ನು ನಿಷೇಧಿಸಿತು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಮೆನುವಿನಲ್ಲಿ ‘ವೈಟ್ ಟ್ಯೂನಾ’ ಎಂಬ ಪದಗಳನ್ನು ಕಂಡಾಗ ಯಾವ ಮೀನೆಂದು ಒಮ್ಮೆ ವಿಚಾರಿಸಿಕೊಳ್ಳುವುದು ಲೇಸು. 2007ರಲ್ಲಿ ಶಿಕಾಗೋದಲ್ಲಿ ‘ಮಾಂಕ್‌ಫಿಶ್’ ಎಂದು ಕೊಂಡ ಮೀನು ತಿಂದ ಇಬ್ಬರು ಅಸ್ವಸ್ಥರಾದಾಗ, ಅದು ನರಗಳನ್ನು ಸ್ತಬ್ಧಗೊಳಿಸುವ ವಿಷವುಳ್ಳ ಪಫರ್ ಮೀನೆಂಬುದು ಪರೀಕ್ಷೆಯಿಂದ ಗೊತ್ತಾಯಿತು.

ಮಂಗಳೂರಿಗೇ ಸಂಬಂಧಿಸಿದ ಘಟನೆಯೊಂದಿದೆ. 2016ರಲ್ಲಿ ಅಲ್ಲಿ ರೆಡ್ ಸ್ನ್ಯಾಪರ್ ಮೀನಿನ ತಲೆಗಳನ್ನು ಸಾರು ಮಾಡಿ ಉಂಡ ಅನೇಕರು ವಾಂತಿ, ಭೇದಿ, ಕೈಕಾಲು ಜೋಮುಗಳಿಂದ ನರಳಿ ಆಸ್ಪತ್ರೆ ಸೇರಿದರು. ಕಾರಣ ಸಿಗುವಟೆರಾ ವಿಷವೆಂದು ನಿರ್ಧಾರವಾಯಿತು. ಹವಳದ ದಿಬ್ಬಗಳ ಸೂಕ್ಷ್ಮ ಪಾಚಿಯಲ್ಲಿ ಹುಟ್ಟುವ ಈ ವಿಷ, ಪಾಚಿ ತಿನ್ನುವ ಚಿಕ್ಕ ಮೀನುಗಳಿಂದ ಅವನ್ನು ತಿನ್ನುವ ದೊಡ್ಡ ಮೀನುಗಳಿಗೆ ದಾಟುತ್ತ ಶೇಖರವಾಗುತ್ತದೆ, ಬೇಯಿಸಿದರೂ ನಾಶವಾಗುವುದಿಲ್ಲ, ಮೀನಿನ ರುಚಿ ವಾಸನೆಗಳಲ್ಲೂ ಸುಳಿವು ಕೊಡುವುದಿಲ್ಲ. ಆ ಮೀನನ್ನು ಕೊಟ್ಟವರು ಸುಳ್ಳು ಹೇಳಿದ್ದರೆಂದು ಅರ್ಥವಲ್ಲ. ರೆಡ್ ಸ್ನ್ಯಾಪರ್ ಎಂಬ ಒಂದೇ ಹೆಸರಿನಡಿ ಈ ವಿಷದ ಸಾಧ್ಯತೆ ಹೆಚ್ಚಿರುವ ಜಾತಿಗಳೂ ಅಪಾಯವಿಲ್ಲದ ಜಾತಿಗಳೂ ಒಟ್ಟಿಗೆ ಇರುವುದರಿಂದ, ಯಾವ ಜಾತಿ, ಯಾವ ಕಡಲಿನದು ಎಂಬ ಎರಡು ಮಾಹಿತಿಗಳಿಲ್ಲದೆ ಹೆಸರು ಗಿರಾಕಿಯನ್ನು ಕಾಪಾಡಲಾರದು.

ಜಾತಿಯನ್ನು ಖಚಿತವಾಗಿ ಹೇಳುವ ಉಪಾಯ ಈಗ ಡಿಎನ್ಎ ಬಾರ್‌ಕೋಡಿಂಗ್. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ, ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸಿಒಐ ಎಂಬ ಜೀನಿನ ಸುಮಾರು 650 ಅಕ್ಷರಗಳಷ್ಟು ಭಾಗವನ್ನು ಓದಿ, ಈಗಾಗಲೇ ಗುರುತಿಸಿಟ್ಟಿರುವ ಜಾತಿಗಳ ಭಂಡಾರದೊಂದಿಗೆ ಹೋಲಿಸಲಾಗುತ್ತದೆ. ತಲೆ, ಚರ್ಮ, ಬಣ್ಣ ಯಾವುದೂ ಬೇಕಿಲ್ಲ. ಹುರಿದ ಮೀನಿನ ಒಂದು ಎಸಳಿನಿಂದಲೂ ಉತ್ತರ ಸಿಗಬಹುದು, ಡಬ್ಬಿಗೆ ತುಂಬಿ ಅತಿಯಾಗಿ ಕಾಯಿಸಿದ ಮೀನಿನಲ್ಲಿ ಮಾತ್ರ ಡಿಎನ್ಎ ಚೂರಾಗುವುದರಿಂದ ಇನ್ನೂ ಕಿರಿದಾದ ಭಾಗಗಳನ್ನು ಓದಬೇಕಾಗುತ್ತದೆ. ಆದರೂ ಈ ವಿಧಾನಕ್ಕೆ ಜಾತಿ ತಿಳಿಯುತ್ತದೆಯೇ ಹೊರತು ಊರು ತಿಳಿಯುವುದಿಲ್ಲ. ಬೂತಾಯಿಯ ಬರ ಬಂದ ವರ್ಷಗಳಲ್ಲಿ ಒಮಾನಿನಿಂದ ಬಂದ ಬೂತಾಯಿ ಕರಾವಳಿಯ ಪೇಟೆಗಳಲ್ಲಿ ಮಾರಾಟವಾಗಿದೆ. ಜಾತಿಯ ಹೆಸರು ಎರಡಕ್ಕೂ ಒಂದೇ. ಊರಿನ ಬೂತಾಯಿಯ ಎಣ್ಣೆಯಂಶವನ್ನೂ ತಾಜಾತನವನ್ನೂ ನಾಲಗೆಯಲ್ಲೇ ಬಲ್ಲ ಕರಾವಳಿಯವರು ಅಲ್ಲಿ ಪ್ರಯೋಗಾಲಯಕ್ಕಿಂತ ಮುಂದಿದ್ದಾರೆ. ಸಾಕಿದ ಮೀನೋ ಕಡಲಿನದೋ ಎಂಬುದನ್ನೂ ಬಾರ್‌ಕೋಡ್ ಹೇಳುವುದಿಲ್ಲ.

ಹೀಗಿರುವಾಗ ಗಿರಾಕಿ ತನ್ನ ಎಚ್ಚರವನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ಮುಖ್ಯವಾಗುತ್ತದೆ. ಬುಟ್ಟಿಯಲ್ಲಿ ಇಡೀ ಮೀನು ಹೊತ್ತು ಬರುವ ಹೆಂಗಸರ ಮೇಲೆ ನಗರದವರಿಗಿರುವ ಅಪನಂಬಿಕೆ ಬಹುಮಟ್ಟಿಗೆ ತಪ್ಪು ದಿಕ್ಕಿನದು. ಅವರು ಬೆಲೆಯಲ್ಲಿ ಚೌಕಾಸಿ ಮಾಡಿಸಿಯಾರು, ಆದರೆ ತಲೆ, ಬಾಲ, ಕಿವಿರುಗಳೆಲ್ಲ ಇರುವ ಮೀನಿನ ಜಾತಿಯನ್ನು ಮುಚ್ಚಿಡುವುದು ಯಾರಿಗೂ ಸಾಧ್ಯವಿಲ್ಲ. ಹವಾನಿಯಂತ್ರಿತ ಅಂಗಡಿಯ ಗಾಜಿನ ಹಿಂದೆ ಅಚ್ಚುಕಟ್ಟಾಗಿ ಜೋಡಿಸಿಟ್ಟ ಚರ್ಮವಿಲ್ಲದ ತುಂಡುಗಳೂ, ಗ್ರೇವಿಯಲ್ಲಿ ಮುಳುಗಿ ಬರುವ ಹೋಟೆಲಿನ ತುಂಡುಗಳೂ ಹೆಚ್ಚು ಪ್ರಶ್ನೆಗೆ ಅರ್ಹವಾದವು. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಇಡೀ ಮೀನನ್ನು ಆರಿಸಿ, ಬೆಲೆ ಗೊತ್ತು ಮಾಡಿಕೊಂಡು, ಕಣ್ಣೆದುರೇ ತುಂಡು ಮಾಡಿಸಿಕೊಳ್ಳುವುದೂ, ತುಂಡನ್ನೇ ಕೊಳ್ಳಬೇಕಾದಾಗ ಚರ್ಮವಿರುವುದನ್ನೇ ಕೇಳುವುದೂ ಅತ್ಯಂತ ಸರಳವಾದ ರಕ್ಷಣೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ನಾಡದೋಣಿಗಳು ತರುವ ಅಲ್ಪಸ್ವಲ್ಪ ಮೀನನ್ನು ಬಿಟ್ಟರೆ ಆ ಎರಡು ತಿಂಗಳು ಪೇಟೆಗೆ ಬರುವ ಕಡಲ ಮೀನು ಹೆಚ್ಚಾಗಿ ಪೂರ್ವ ಕರಾವಳಿಯದು, ಇಲ್ಲವೇ ಶೀತಲಗೃಹದಲ್ಲಿದ್ದ ಹಳೆಯ ದಾಸ್ತಾನು. ಜುಲೈ ನಡುವಿನಲ್ಲಿ ‘ಇವತ್ತೇ ಮಲ್ಪೆಯಿಂದ ಬಂದ ಅಂಜಲ್’ ಎಂದು ಯಾರಾದರೂ ಕೊಡಲು ಬಂದರೆ ನಂಬುವ ಮೊದಲು ಕ್ಯಾಲೆಂಡರ್ ನೋಡಬೇಕು.

ಹೆಪ್ಪುಗಟ್ಟಿಸಿದ ಪೊಟ್ಟಣಗಳಲ್ಲಿ ಹೆಸರಿನ ಜೊತೆಗೆ ತೂಕವನ್ನೂ ಗಮನಿಸಬೇಕು. ಮೀನು, ಸಿಗಡಿಗಳು ಒಣಗದಂತೆ ಅವುಗಳ ಮೇಲೆ ತೆಳುವಾದ ಮಂಜಿನ ಪದರ ಕಟ್ಟಿಸುವುದನ್ನು ಗ್ಲೇಜಿಂಗ್ ಎನ್ನುತ್ತಾರೆ. ಆ ಪದರದ ತೂಕವನ್ನು ಕಳೆದೇ ನಿವ್ವಳ ತೂಕ ಹೇಳಬೇಕೆಂಬುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ನಿಯಮ. ಪೊಟ್ಟಣದ ಸಿಗಡಿಯನ್ನು ಕರಗಿಸಿ, ನೀರು ಬಸಿದು, ಒಮ್ಮೆ ತೂಗಿ ನೋಡಿದರೆ ಎಷ್ಟು ಸಿಗಡಿಗೆ ಹಣ ಕೊಟ್ಟದ್ದು, ಎಷ್ಟು ನೀರಿಗೆ ಕೊಟ್ಟದ್ದು ಎಂಬುದು ತಿಳಿಯುತ್ತದೆ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಲೇಬೇಕು; ಲ್ಯಾಟಿನ್ ವೈಜ್ಞಾನಿಕ ಹೆಸರನ್ನೂ ಅಚ್ಚು ಹಾಕಿರುವ ಕಂಪನಿಯ ಮಾಲನ್ನು ಇತರರದಕ್ಕಿಂತ ಹೆಚ್ಚು ನಂಬಬಹುದು, ಏಕೆಂದರೆ ಆ ಹೆಸರಿಗೆ ನುಣುಚಿಕೊಳ್ಳುವ ಹಲವು ಅರ್ಥಗಳಿರುವುದಿಲ್ಲ.

ಇದೇ ಕರಾವಳಿಯ ಮೀನು ಹೊರದೇಶಕ್ಕೆ ಹೊರಟಾಗ ಸಿಗುವ ದಾಖಲೆಯನ್ನು ನೋಡಿದರೆ ಒಳಪೇಟೆಯ ಬಡತನ ಎದ್ದು ಕಾಣುತ್ತದೆ. ಕಡಲಿನಲ್ಲಿ ಹಿಡಿದ ಮೀನು ಯುರೋಪಿಗೆ ಹೋಗಬೇಕಾದರೆ ಅದನ್ನು ಕಾನೂನುಬದ್ಧವಾಗಿಯೇ ಹಿಡಿಯಲಾಗಿದೆ ಎಂಬ ಪ್ರಮಾಣಪತ್ರ 2010ರಿಂದ ಕಡ್ಡಾಯವಾಗಿದೆ. ಅಲ್ಲಿನ ಅಂಗಡಿಯಲ್ಲಿ ತಾಜಾ ಅಥವಾ ಹೆಪ್ಪುಗಟ್ಟಿಸಿದ ಮೀನು ಮಾರುವಾಗ ವೈಜ್ಞಾನಿಕ ಹೆಸರು, ಹಿಡಿದ ಕಡಲು, ಸಾಕಿದ್ದೋ ಹಿಡಿದದ್ದೋ ಎಂಬ ವಿವರಗಳನ್ನು ಬರೆದಿಡಬೇಕೆಂದು 2013ರ ಐರೋಪ್ಯ ನಿಯಮ ಹೇಳುತ್ತದೆ. ಅಮೆರಿಕವೂ 2018ರಿಂದ ಆಯ್ದ ಮೀನುಗಳ ಆಮದಿಗೆ ಇಂಥ ಜಾಡುಪತ್ರವನ್ನು ಕೇಳುತ್ತಿದೆ. ಅಷ್ಟೆಲ್ಲ ಬರೆದಿಡುವುದು ನಮ್ಮ ವ್ಯಾಪಾರಿಗಳಿಗೆ ಸಾಧ್ಯವಿಲ್ಲವೆಂಬ ವಾದ ನಿಲ್ಲುವುದಿಲ್ಲ; ಹೊರಗಿನ ಗಿರಾಕಿ ಕೇಳಿದಾಗ ಅದೇ ಬಂದರುಗಳಿಂದ ಅದು ಸಾಧ್ಯವಾಗಿದೆ. ಒಳಗಿನ ಗಿರಾಕಿ ಕನಿಷ್ಠ ಬಿಲ್ಲಿನ ಮೇಲಾದರೂ ಮೀನಿನ ಹೆಸರು ಬರೆಸಿಕೊಳ್ಳಬಹುದು. ‘ಫಿಶ್, ಒಂದು ಕಿಲೋ’ ಎಂಬ ಬಿಲ್ಲಿನಿಂದ ಮುಂದೆ ಯಾವ ದೂರನ್ನೂ ಸಾಧಿಸಲಾಗದು. ‘ಅಂಜಲ್, ಒಂದು ಕಿಲೋ’ ಎಂದಿದ್ದರೆ ಮಾರಿದವರು ಹೇಳಿದ ಹೆಸರು ಬರವಣಿಗೆಯಲ್ಲಿ ಸಿಕ್ಕಂತಾಯಿತು.

ಅನುಮಾನ ಬಲವಾಗಿದ್ದಾಗ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇವೆರಡಕ್ಕಿಂತ ಕಡಿಮೆ ಪರಿಚಿತವಾದ ಹಕ್ಕೊಂದು 2006ರ ಕಾಯ್ದೆಯ 40ನೆಯ ಸೆಕ್ಷನ್ನಿನಲ್ಲಿದೆ: ಅಧಿಕಾರಿಯಲ್ಲದ ಸಾಮಾನ್ಯ ಗಿರಾಕಿಯೂ ತಾನು ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಸರಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು, ವರದಿಯಲ್ಲಿ ಕಾಯ್ದೆಯ ಉಲ್ಲಂಘನೆ ಕಂಡುಬಂದರೆ ಕೊಟ್ಟ ಶುಲ್ಕ ವಾಪಸಾಗುತ್ತದೆ, ವರದಿ ಮುಂದಿನ ಕ್ರಮಕ್ಕಾಗಿ ನಿಯೋಜಿತ ಅಧಿಕಾರಿಗೆ ಹೋಗುತ್ತದೆ. ಆದರೆ ಇದಕ್ಕೊಂದು ಷರತ್ತಿದೆ. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವ ಹೊತ್ತಿನಲ್ಲೇ ಮಾರುವವರಿಗೆ ತಿಳಿಸಿರಬೇಕು. ಮನೆಗೆ ಹೋಗಿ, ಹುರಿದು, ಅರ್ಧ ತಿಂದ ಮೇಲೆ ಮೂಡಿದ ಅನುಮಾನಕ್ಕೆ ಈ ಸೆಕ್ಷನ್ ಒದಗುವುದಿಲ್ಲ. ಹಾಗೆ ತಿಳಿಸಿದ ಬಳಿಕ ಬಿಲ್ಲನ್ನು ಜೋಪಾನವಾಗಿಟ್ಟು, ಮೀನನ್ನು ತೊಳೆಯದೆ, ಉಪ್ಪು ಹಚ್ಚದೆ, ಶುಭ್ರವಾದ ಚೀಲದಲ್ಲಿ ಕಟ್ಟಿ, ಐಸಿನೊಳಗಿಟ್ಟು ಅದೇ ದಿನ ವಿಶ್ಲೇಷಕರಿಗೆ ತಲಪಿಸುವುದು ಒಳ್ಳೆಯದು. ಉದ್ದೇಶವನ್ನು ಹೇಳಿದ ಕೂಡಲೇ ಅಂಗಡಿಯವರು ತುಂಡನ್ನು ವಾಪಸು ಕೇಳಿದರೆ, ಅಥವಾ ‘ಇದು ಬೇಡ, ಬೇರೆ ಕೊಡುತ್ತೇನೆ’ ಎಂದರೆ, ಪ್ರಯೋಗಾಲಯದ ಶುಲ್ಕ ಉಳಿಯಿತೆಂದು ತಿಳಿಯಬಹುದು.